ಮಾತು ನಿಂತ ಮೇಲೂ ಮುಂದುವರಿಯುವ ಹಾಡು

ಕೇಳುಗರಿಗೆ ನಮಸ್ಕಾರ.

ಅಮೆರಿಕದ ರಾಕ್ ಸಂಗೀತ ಸಭೆಗಳಲ್ಲಿ ದಶಕಗಳಿಂದ ಬೆಳೆದುಬಂದ ಒಂದು ಚಾಳಿಯಿದೆ. ವೇದಿಕೆಯ ಮೇಲೆ ಯಾವ ತಂಡವೇ ಇರಲಿ, ಎರಡು ಹಾಡುಗಳ ನಡುವಿನ ಬಿಡುವಿನಲ್ಲಿ ಸಭಿಕರೊಳಗಿಂದ ಯಾರಾದರೊಬ್ಬರು ‘ಫ್ರೀ ಬರ್ಡ್’ ಎಂದು ಗಟ್ಟಿಯಾಗಿ ಕೂಗುತ್ತಾರೆ. ಕೂಗಿದವರಿಗೆ ಆ ಹಾಡು ಬೇಕಾಗಿರುತ್ತದೆ ಎಂದೇನೂ ಅಲ್ಲ, ಬಹುಮಟ್ಟಿಗೆ ಅದು ತಮಾಷೆ. ಇಷ್ಟು ವರ್ಷಗಳ ಕಾಲ ನಗೆಚಾಟಿಕೆಯ ವಸ್ತುವಾದ ಬೇರೆ ಯಾವ ಹಾಡಾದರೂ ತನ್ನ ಕಸುವನ್ನು ಕಳೆದುಕೊಂಡು ಬರಿಯ ಹೆಸರಾಗಿ ಉಳಿಯುತ್ತಿತ್ತು. ಆದರೆ ತಮಾಷೆಗೆ ಕೂಗಿದವನನ್ನೇ ಕೂರಿಸಿ ಆ ಹಾಡನ್ನು ಮೊದಲಿನಿಂದ ಕೊನೆಯವರೆಗೆ ಕೇಳಿಸಿದರೆ, ಅವನ ನಗೆ ಬಹಳ ಹೊತ್ತು ಉಳಿಯಲಾರದು. ಅದೇಕೆ ಎಂಬುದೇ ಇಂದಿನ ಭಾಷಣದ ವಿಷಯ.

ಈ ಹಾಡನ್ನು ಕಟ್ಟಿದವರು ಫ್ಲಾರಿಡಾ ರಾಜ್ಯದ ಜ್ಯಾಕ್ಸನ್‌ವಿಲ್ ನಗರದ ‘ಲಿನರ್ಡ್ ಸ್ಕಿನರ್ಡ್’ ಎಂಬ ತಂಡದವರು. ಉದ್ದಕೂದಲಿನ ಹುಡುಗರನ್ನು ಸಹಿಸದ ತಮ್ಮ ಶಾಲೆಯ ವ್ಯಾಯಾಮ ಶಿಕ್ಷಕರೊಬ್ಬರ ಹೆಸರನ್ನೇ ತಿರುಚಿ ತಂಡಕ್ಕೆ ಇಟ್ಟುಕೊಂಡ ತುಂಟರು ಇವರು. ಬ್ಲೂಸ್, ಕಂಟ್ರಿ ಮತ್ತು ಚರ್ಚುಗಳ ಗಾಸ್ಪೆಲ್ ಗಾಯನ ಒಂದಕ್ಕೊಂದು ಬೆರೆತಿದ್ದ ಅಮೆರಿಕದ ದಕ್ಷಿಣ ರಾಜ್ಯಗಳ ನೆಲದಲ್ಲಿ, 1970ರ ಆಸುಪಾಸಿನಲ್ಲಿ, ‘ಸದರ್ನ್ ರಾಕ್’ ಎಂದು ಕರೆಯಲಾದ ಸಂಗೀತ ರೂಪುಗೊಂಡಿತು. ಜಾರ್ಜಿಯಾದ ಮೇಕನ್ ಪಟ್ಟಣದಲ್ಲಿ ನೆಲೆಸಿದ್ದ ಆಲ್‌ಮನ್ ಬ್ರದರ್ಸ್ ತಂಡದವರು ಅದಕ್ಕೆ ದಾರಿ ಹಾಕಿಕೊಟ್ಟರು. ಜ್ಯಾಕ್ಸನ್‌ವಿಲ್‌ನ ಈ ಕಿರಿಯರು ಊರಾಚೆಯ ಒಂದು ಸಣ್ಣ ಮನೆಯಲ್ಲಿ, ಸೆಕೆಯ ಬೇಗೆಗಾಗಿ ‘ನರಕದ ಮನೆ’ ಎಂದೇ ತಾವು ಹೆಸರಿಟ್ಟ ಜಾಗದಲ್ಲಿ, ದಿನವಿಡೀ ಅಭ್ಯಾಸ ಮಾಡುತ್ತಿದ್ದರು.

ಹಾಡಿನ ಹುಟ್ಟು ಇಬ್ಬರ ನಡುವಿನ ಒಂದು ಖಾಸಗಿ ಮಾತಿನಿಂದ ಆಯಿತು. ಗಿಟಾರ್ ವಾದಕ ಅಲನ್ ಕಾಲಿನ್ಸ್ ಅವರ ಗೆಳತಿ, ಮುಂದೆ ಅವರ ಪತ್ನಿಯಾದವರು, ನಾಳೆ ನಾನು ಇಲ್ಲಿಂದ ಹೊರಟುಹೋದರೆ ನಿನಗೆ ನನ್ನ ನೆನಪು ಇರುವುದೇ ಎಂದು ಒಮ್ಮೆ ಅವರನ್ನು ಕೇಳಿದ್ದರಂತೆ. ಕಾಲಿನ್ಸ್ ಆ ಮಾತನ್ನು ಬರೆದಿಟ್ಟುಕೊಂಡರು. ಅದಕ್ಕೊಪ್ಪುವ ಸ್ವರಮೇಳಗಳೂ, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಚ್ಛಗಳೂ, ಅವರ ಬಳಿ ಬಹುಕಾಲ ಇದ್ದವು. ಆದರೆ ತಂಡದ ಗಾಯಕ ಹಾಗೂ ಕವಿ ರಾನಿ ವ್ಯಾನ್ ಝಾಂಟ್ ಅವರಿಗೆ, ಇಷ್ಟು ಬೇಗಬೇಗ ಬದಲಾಗುವ ಸ್ವರಮೇಳಗಳ ಮೇಲೆ ಧಾಟಿಯನ್ನು ಕೂರಿಸುವುದು ಹೇಗೆಂದು ತೋಚಲಿಲ್ಲ. ಕೊನೆಗೊಂದು ದಿನ ಅಭ್ಯಾಸದ ವೇಳೆಯಲ್ಲಿ ಅವರು ಅದನ್ನು ಮತ್ತೆ ಮತ್ತೆ ನುಡಿಸಲು ಹೇಳಿ, ಕೆಲವೇ ನಿಮಿಷಗಳಲ್ಲಿ ಸಾಹಿತ್ಯವನ್ನು ಹೊಸೆದರೆಂದು ಇನ್ನೊಬ್ಬ ಗಿಟಾರ್ ವಾದಕ ಗ್ಯಾರಿ ರಾಸಿಂಗ್ಟನ್ ನೆನಪಿಸಿಕೊಂಡಿದ್ದಾರೆ.

ಇಲ್ಲಿ ಒಂದು ಅದಲುಬದಲು ನಡೆದಿದೆ. ನನ್ನ ಮಟ್ಟಿಗೆ ಹಾಡಿನ ಜೀವ ಅದರಲ್ಲಿಯೇ ಇದೆ. ಬದುಕಿನಲ್ಲಿ ಆ ಪ್ರಶ್ನೆಯನ್ನು ಕೇಳಿದವಳು ಹೆಣ್ಣು. ಅವಳ ಬಾಯಲ್ಲಿ ಅದು ಪ್ರೀತಿಯನ್ನು ಒರೆಗೆ ಹಚ್ಚುವ ಮಾತು, ಉತ್ತರವನ್ನು ಬೇಡುವ ಮಾತು. ಹಾಡಿನಲ್ಲಿ ಅದನ್ನು ಕೇಳುವವನು ಗಂಡು, ಅದೂ ಹೊರಡಲು ಅಣಿಯಾಗಿ ನಿಂತವನು. ಅವನಿಗೆ ಉತ್ತರ ಬೇಕಾಗಿಲ್ಲ. ಪ್ರಶ್ನೆ ಕೇಳಿದ ಮರುಗಳಿಗೆಯಲ್ಲಿಯೇ, ತಾನಿನ್ನು ನೋಡಬೇಕಾದ ಊರುಗಳು ಬಹಳವಿವೆ, ಇಲ್ಲಿಯೇ ಉಳಿದರೆ ಎಲ್ಲವೂ ಮೊದಲಿನಂತೆ ಇರಲಾರದು, ತನ್ನ ಸ್ವಭಾವವೇ ಹಕ್ಕಿಯದು, ಅದನ್ನು ಬದಲಿಸುವುದು ಸಾಧ್ಯವಿಲ್ಲ ಎಂದು ಸಮಜಾಯಿಷಿ ಕೊಡಲು ತೊಡಗುತ್ತಾನೆ. ಬಿಟ್ಟುಹೋಗುವವರು ಎಲ್ಲ ಕಾಲಕ್ಕೂ ಹೇಳುತ್ತ ಬಂದ ನೆಪಗಳಿವು. ಇದನ್ನು ಸ್ವಾತಂತ್ರ್ಯದ ಗೀತೆ ಎಂದು ಕೊಂಡಾಡುವವರು ಬಹಳ. ನನಗೆ ಆ ಮಾತು ಅರ್ಧ ಮಾತ್ರ ಸರಿ ಎನಿಸುತ್ತದೆ. ತಪ್ಪು ತನ್ನದೇ ಎಂದು ಒಪ್ಪಿಕೊಳ್ಳುವ, ಆದರೂ ತಿದ್ದಿಕೊಳ್ಳಲಾರದ ಮನುಷ್ಯನೊಬ್ಬ ಇಲ್ಲಿ ಹಾಡುತ್ತಿದ್ದಾನೆ, ಮತ್ತು ತನ್ನ ಮಾತನ್ನು ತಾನೇ ಪೂರ್ತಿಯಾಗಿ ನಂಬಿಲ್ಲವೆಂಬುದು ಅವನ ಕಂಠದಲ್ಲಿ ಕೇಳಿಸುತ್ತದೆ. ವ್ಯಾನ್ ಝಾಂಟ್ ಅವರು ಎಲ್ಲಿಯೂ ಗೋಳಾಡುವುದಿಲ್ಲ. ನಿಂತಲ್ಲೇ ನಿಂತು ಲೆಕ್ಕ ಒಪ್ಪಿಸುವವರಂತೆ, ಸಮದನಿಯಲ್ಲಿ, ಸಾಲುಗಳ ತುದಿಯನ್ನು ಅಷ್ಟಾಗಿ ಎಳೆಯದೆ ಹಾಡುತ್ತಾರೆ.

ಆ ಕಂಠ ಹೇಳದೆ ಬಿಟ್ಟದ್ದನ್ನೆಲ್ಲ ವಾದ್ಯಗಳು ಹೇಳುತ್ತವೆ. ಆರಂಭದಲ್ಲಿ ಆರ್ಗನ್ನಿನ ನಾದ ಪ್ರಾರ್ಥನಾ ಮಂದಿರದ ಗಾಂಭೀರ್ಯದಿಂದ ಹರಡಿಕೊಳ್ಳುತ್ತದೆ. ಅದನ್ನು ನುಡಿಸಿದವರು ಧ್ವನಿಮುದ್ರಣದ ನಿರ್ಮಾಪಕರಾದ ಅಲ್ ಕೂಪರ್. ಅನಂತರ ಪಿಯಾನೋ, ಅದರ ಮೇಲೆ ರಾಸಿಂಗ್ಟನ್ ಅವರ ಸ್ಲೈಡ್ ಗಿಟಾರ್. ತಂತಿಯ ಮೇಲೆ ನುಣುಪಾದ ಕೊಳವೆಯನ್ನು ಜಾರಿಸಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಈ ವಾದನದಲ್ಲಿ ಸ್ವರಗಳ ನಡುವಿನ ಎಡೆಯೂ ನಾದವಾಗುವುದರಿಂದ, ಗಮಕಕ್ಕೆ ಪಳಗಿದ ನಮ್ಮ ಕಿವಿಗೆ ಅದು ಬೇಗನೆ ಹಿಡಿಸುತ್ತದೆ. ಪಿಯಾನೋ ಬಗ್ಗೆ ಇನ್ನೊಂದು ಮಾತು. ಅದನ್ನು ನುಡಿಸಿದ ಬಿಲ್ಲಿ ಪವೆಲ್ ಮೊದಲು ತಂಡದ ಸಾಮಾನು ಹೊರುವ, ಜೋಡಿಸುವ ಆಳಾಗಿದ್ದರು. ಶಾಲೆಯೊಂದರ ನೃತ್ಯಕೂಟದಲ್ಲಿ ಅವರು ಈ ಹಾಡಿಗೆ ತಾವೇ ಕಟ್ಟಿದ ಪೀಠಿಕೆಯನ್ನು ಪಿಯಾನೋದಲ್ಲಿ ನುಡಿಸಿದ್ದು ಕಿವಿಗೆ ಬಿದ್ದ ಮೇಲೆಯೇ, ಇಂಥ ವಾದಕ ತಮ್ಮ ಬಳಿಯೇ ಇದ್ದನೆಂಬುದು ಉಳಿದವರಿಗೆ ತಿಳಿದದ್ದು.

1973ರ ಆಗಸ್ಟ್‌ನಲ್ಲಿ ಬಂದ ತಂಡದ ಮೊದಲ ಆಲ್ಬಮ್ಮಿನ ಕೊನೆಯ ಹಾಡಾಗಿ ಇದು ಪ್ರಕಟವಾಯಿತು. ಅವಧಿ 9 ನಿಮಿಷಕ್ಕೂ ತುಸು ಹೆಚ್ಚು. ಅದರಲ್ಲಿ ಸುಮಾರು ಅರ್ಧ ಮುಗಿಯುವ ಹೊತ್ತಿಗೆ ಗಾಯಕನ ಮಾತು ನಿಂತುಹೋಗುತ್ತದೆ, ಲಯ ಇದ್ದಕ್ಕಿದ್ದಂತೆ ದುಪ್ಪಟ್ಟಿಗೂ ಮಿಕ್ಕಿ ಚುರುಕಾಗುತ್ತದೆ, ಮತ್ತು ಅಲ್ಲಿಂದ ಕೊನೆಯವರೆಗೆ ಗಿಟಾರುಗಳದ್ದೇ ಓಟ. ಧಾರವಾಡದ ಹಿಂದುಸ್ತಾನಿ ಸಂಗೀತ ಪರಂಪರೆಯನ್ನು ಕೇಳಿ ಬೆಳೆದವರಿಗೆ ಇದು ನಿಧಾನಗತಿಯ ವಿಲಂಬಿತದಿಂದ ವೇಗದ ದ್ರುತ್‌ಗೆ ಏರಿದಂತೆ ತೋರಬಹುದು. ಆದರೆ ಒಂದು ವ್ಯತ್ಯಾಸವಿದೆ. ಖಯಾಲಿನಲ್ಲಿ ವೇಗದ ಸ್ವರಸಾಲುಗಳಾದ ತಾನುಗಳು ಎಷ್ಟೇ ದೂರ ಸುತ್ತಾಡಿದರೂ ಗಾಯಕ ಹಾಡಿನ ಮೊದಲ ನುಡಿಯಾದ ಮುಖಡಾಕ್ಕೆ ಮರಳುತ್ತಾನೆ, ಮಾತು ಮತ್ತೆ ಕೇಳಿಸುತ್ತದೆ, ಕೇಳುಗನಿಗೆ ಮನೆಗೆ ಬಂದ ನೆಮ್ಮದಿ ಸಿಗುತ್ತದೆ. ಇಲ್ಲಿ ಹೋದವನು ಹೋದನೇ ಸರಿ. ಮೊದಲ ಧಾಟಿಯೂ ಬಾರದು, ಆ ಪ್ರಶ್ನೆಯೂ ಮರಳದು. ಬಿಟ್ಟುಹೋಗುವುದರ ಬಗೆಗಿನ ಹಾಡು ತಾನೇ ಕೇಳುಗನನ್ನು ಬಿಟ್ಟುಹೋಗುತ್ತದೆ. ಮೊದಲ ಸಲ ಕೇಳುವಾಗ ಆ ವೇಗದಲ್ಲಿ ಬಿಡುಗಡೆಯ ಹುರುಪು ಕಾಣುತ್ತದೆ. ಕೇಳುತ್ತ ಕೇಳುತ್ತ, ತಪ್ಪಿಸಿಕೊಂಡು ಓಡುವವನ ಗಾಬರಿಯೂ ಅದರೊಳಗಿದೆ ಎಂದು ತಿಳಿಯುತ್ತದೆ.

ಸೋಜಿಗವೆಂದರೆ ಇಂಥ ಕಟ್ಟೋಣ ಯಾರೂ ಕೂತು ಯೋಚಿಸಿ ಮಾಡಿದ್ದಲ್ಲ. ಕ್ಲಬ್ಬುಗಳಲ್ಲಿ ಒಂದೇ ರಾತ್ರಿ ಹಲವು ಸುತ್ತು ಹಾಡಬೇಕಾಗುತ್ತಿದ್ದ ದಿನಗಳಲ್ಲಿ, ಗಂಟಲಿಗೆ ಸ್ವಲ್ಪ ವಿರಾಮ ಸಿಗಲೆಂದು ವ್ಯಾನ್ ಝಾಂಟ್ ಅವರೇ ಗಿಟಾರಿನವರಿಗೆ ಕೊನೆಯ ಭಾಗವನ್ನು ಲಂಬಿಸಲು ಹೇಳಿದರು, ಅದು ಬೆಳೆಯುತ್ತ ಹೋಯಿತು. ವೇದಿಕೆಯಲ್ಲಿ ಮೂವರು ಗಿಟಾರ್ ವಾದಕರ ಪೈಪೋಟಿಯಾಗಿ ಪ್ರಸಿದ್ಧವಾದ ಆ ಭಾಗವನ್ನು ಧ್ವನಿಮುದ್ರಣಕ್ಕಾಗಿ ನುಡಿಸಿದವರು ಕಾಲಿನ್ಸ್ ಒಬ್ಬರೇ. ಒಮ್ಮೆ ನುಡಿಸಿದ್ದರ ಮೇಲೆ ತಾವೇ ಇನ್ನೊಮ್ಮೆ ನುಡಿಸಿ ಎರಡು ಪದರಗಳನ್ನು ಸೇರಿಸಿದರು. ಬಾನುಲಿಗೆ 9 ನಿಮಿಷದ ಹಾಡು ಒಗ್ಗದೆಂದು 1974ರ ಕೊನೆಗೆ ಅರ್ಧದಷ್ಟು ಕತ್ತರಿಸಿದ ಆವೃತ್ತಿಯೊಂದನ್ನು ಹೊರತರಲಾಯಿತು. ಅದು ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 19ನೆಯ ಸ್ಥಾನಕ್ಕೇರಿತಾದರೂ, ಆ ಕತ್ತರಿಯನ್ನು ನಾನು ಮೆಚ್ಚಲಾರೆ.

ಈ ಹಾಡಿಗೆ ಅಂಟಿಕೊಂಡ ಸಾವುಗಳ ವಿಚಾರಕ್ಕೆ ಈಗ ಬರಬೇಕು. ಆಲ್‌ಮನ್ ತಂಡದ ಹಿರಿಯ ಗಿಟಾರ್ ವಾದಕ ಡುವೇನ್ ಆಲ್‌ಮನ್ 1971ರಲ್ಲಿ ಮೇಕನ್‌ನಲ್ಲಿ ಮೋಟಾರ್‌ಸೈಕಲ್ ಅಪಘಾತದಲ್ಲಿ 24ನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದರು. ಸ್ಕಿನರ್ಡ್ ತಂಡದವರು ವೇದಿಕೆಗಳಲ್ಲಿ ಈ ಹಾಡನ್ನು ಅವರ ಸ್ಮರಣೆಗೆ ಅರ್ಪಿಸುತ್ತಿದ್ದರು. ಹಾಡು ಅವರಿಗಾಗಿಯೇ ಬರೆದದ್ದೆಂಬ ನಂಬಿಕೆ ಹಬ್ಬಿದ್ದು ಹೀಗೆ. 1977ರ ಅಕ್ಟೋಬರ್ 20ರಂದು ತಂಡವನ್ನು ಬೇಟನ್ ರೂಜ್‌ಗೆ ಒಯ್ಯುತ್ತಿದ್ದ ಬಾಡಿಗೆ ವಿಮಾನವು ಇಂಧನ ಬರಿದಾಗಿ ಮಿಸಿಸಿಪಿಯ ಗಿಲ್ಸ್‌ಬರ್ಗ್ ಬಳಿಯ ಕಾಡಿನಲ್ಲಿ ಅಪ್ಪಳಿಸಿತು. ವ್ಯಾನ್ ಝಾಂಟ್, ಗಿಟಾರ್ ವಾದಕ ಸ್ಟೀವ್ ಗೇನ್ಸ್, ಅವರ ಅಕ್ಕ ಹಾಗೂ ಸಹಗಾಯಕಿ ಕ್ಯಾಸಿ ಗೇನ್ಸ್ ಸೇರಿ ಆರು ಮಂದಿ ಮಡಿದರು. ಆಮೇಲೆ ಬದುಕುಳಿದವರು ಹಾಡನ್ನು ಕೆಲಕಾಲ ಮಾತಿಲ್ಲದೆ ನುಡಿಸಿದರು. 1987ರಲ್ಲಿ ತಂಡ ಮತ್ತೆ ಕೂಡಿದಾಗ, ಗಾಯಕನಾಗಿ ಬಂದ, ರಾನಿ ಅವರ ತಮ್ಮ ಜಾನಿ ವ್ಯಾನ್ ಝಾಂಟ್ ಅಣ್ಣನ ಈ ಒಂದು ಹಾಡನ್ನು ಮೊದಮೊದಲು ಹಾಡಲೊಪ್ಪಲಿಲ್ಲ; ವೇದಿಕೆಯ ನಡುವೆ ಮೈಕು ಮಾತ್ರ ಇತ್ತು, ಸಭಿಕರೇ ಹಾಡಿದರು.

ದುರಂತದಿಂದಲೇ ಹಾಡು ದೊಡ್ಡದಾಯಿತು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅಪಘಾತಕ್ಕೆ ಮುಂಚಿನ ವರ್ಷ, 1976ರ ಜುಲೈನಲ್ಲಿ, ಅಟ್ಲಾಂಟಾದ ಫಾಕ್ಸ್ ಥಿಯೇಟರಿನಲ್ಲಿ ನಡೆದ ಕಾರ್ಯಕ್ರಮದ ಮುದ್ರಣವಿದೆ. ಯಾವ ಹಾಡು ಬೇಕೆಂದು ವ್ಯಾನ್ ಝಾಂಟ್ ಕೇಳುತ್ತಾರೆ, ಸಭೆ ಒಂದೇ ಉಸಿರಿಗೆ ಇದರ ಹೆಸರನ್ನು ಕೂಗುತ್ತದೆ. ಇಂದಿನ ತಮಾಷೆಯ ಕೂಗಿಗೂ ಮೂಲ ಬಹುಶಃ ಅದೇ. ಸಾವು ಹೊಸದಾಗಿ ಸೇರಿಸಿದ್ದು ಇಷ್ಟೇ: ಗಾಯಕ ಕೇಳಿದ್ದ ಪ್ರಶ್ನೆಗೆ ಉತ್ತರ ಕೊಡುವ ಹೊಣೆ ಈಗ ಕೇಳುಗರ ಮೇಲೆ ಬಿತ್ತು. ಅಮೆರಿಕದಲ್ಲಿ ಮದುವೆ, ಪದವಿ ಸಮಾರಂಭ, ಶವಸಂಸ್ಕಾರ ಮೂರಕ್ಕೂ ಜನ ಇದೇ ಹಾಡನ್ನು ಹಾಕಿಕೊಳ್ಳಲು ಸಾಧ್ಯವಾಗಿರುವುದು, ಅದರಲ್ಲಿ ಹೊರಡುವವನ ಹೆಸರೂ ಇಲ್ಲ, ಬಿಟ್ಟ ಊರಿನ ಹೆಸರೂ ಇಲ್ಲ ಎಂಬುದರಿಂದ. ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಕಾದಾಡಿದ ದಕ್ಷಿಣ ರಾಜ್ಯಗಳ ಒಕ್ಕೂಟದ ಬಾವುಟವನ್ನು ಈ ತಂಡ ಬಹುಕಾಲ ವೇದಿಕೆಯ ಹಿಂದೆ ತೂಗುಹಾಕಿತ್ತು. ಅದಕ್ಕೆ ಬಂದ ಆಕ್ಷೇಪ ನ್ಯಾಯವಾದದ್ದೇ. ಆ ಬಾವುಟವನ್ನು ಒಪ್ಪದವರೂ ಈ ಹಾಡನ್ನು ತಮ್ಮದಾಗಿಸಿಕೊಂಡಿದ್ದಾರೆ, ಏಕೆಂದರೆ ಇದರ ಸಾಹಿತ್ಯದಲ್ಲಿ ಆ ಪ್ರಾಂತಾಭಿಮಾನದ ಸುಳಿವಿಲ್ಲ.

ಕಾಲಿನ್ಸ್ 1990ರಲ್ಲಿ ತೀರಿಕೊಂಡರು, ಪವೆಲ್ 2009ರಲ್ಲಿ, ಮೂಲ ತಂಡದಿಂದ ಕೊನೆಯವರಾಗಿ ಉಳಿದಿದ್ದ ರಾಸಿಂಗ್ಟನ್ 2023ರ ಮಾರ್ಚ್‌ನಲ್ಲಿ. ಹಾಡನ್ನು ಇನ್ನೂ ಕೇಳದವರಿಗೆ ನನ್ನ ಸಲಹೆ ಇಷ್ಟು: ಅಟ್ಲಾಂಟಾದ ಮುದ್ರಣ ಬಹಳ ಜನಪ್ರಿಯವಾದರೂ ಮೊದಲು 1973ರದನ್ನೇ ಕೇಳಿ, ಮತ್ತು ಗಿಟಾರಿನ ಓಟಕ್ಕಾಗಿ ಆತುರಪಟ್ಟು ಮೊದಲರ್ಧವನ್ನು ದಾಟಿಹೋಗಬೇಡಿ. ಆ ನಿಧಾನದ ಭಾಗವನ್ನು ಸಹನೆಯಿಂದ ಕೇಳಿದವರಿಗೆ ಮಾತ್ರ, ಲಯ ಬದಲಾಗುವ ಗಳಿಗೆಯಲ್ಲಿ ಯಾರು ಯಾರನ್ನು ಬಿಟ್ಟು ಹೊರಟರೆಂಬುದು ಗೊತ್ತಾಗುತ್ತದೆ.

ನಮಸ್ಕಾರ.