ಏಳನೇ ನಂಬರಿನ ಲೆಕ್ಕಾಚಾರ

ಕೇಳುಗರಿಗೆ ನಮಸ್ಕಾರ.

ಚಾಮುಂಡಿ ಬೆಟ್ಟದ ಬುಡದಲ್ಲಿ, ರೇಸ್ ಕೋರ್ಸಿನ ಮಗ್ಗುಲಲ್ಲೇ ನಮ್ಮ ಮೈಸೂರಿನ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ ಇದೆ. ಗಾಲ್ಫ್ ಆಡುವವರು ನಾಲ್ಕು ಜನ ಸೇರಿದ ಕಡೆ ಒಂದು ಮಾತು ಬಂದೇ ಬರುತ್ತದೆ: "ಹೊಸ ಸೆಟ್ ತಗೊಂಡೆ ಸ್ವಾಮಿ, ಏಳನೇ ಐರನ್‌ನಲ್ಲೇ 150 ಗಜ ಹೋಗ್ತಿದೆ. ಹಳೇದರಲ್ಲಿ 130 ದಾಟ್ತಿರಲಿಲ್ಲ." ಅವರು ಸುಳ್ಳು ಹೇಳುತ್ತಿಲ್ಲ. ಚೆಂಡು 150 ಗಜ ಹೋಗಿರುವುದೂ ನಿಜ. ಅವರ ಕೈಯಲ್ಲಿರುವುದನ್ನು ಏಳನೇ ಐರನ್ ಎಂದು ಕರೆಯಬಹುದೇ ಎಂಬುದಷ್ಟೇ ತಕರಾರು.

ಗಾಲ್ಫ್ ಆಡದವರಿಗೂ ಅರ್ಥವಾಗಲಿ ಎಂದು ಎರಡು ಮಾತು. ದೂರಕ್ಕೆ ಬಾರಿಸಲು ದಪ್ಪ ತಲೆಯ ಡ್ರೈವರ್, ಕೊನೆಗೆ ಕುಳಿಗೆ ಉರುಳಿಸಲು ಪಟರ್. ಇವೆರಡರ ನಡುವೆ ಬಳಸುವ, ಉಕ್ಕಿನ ತೆಳು ತಲೆಯ ಕೋಲುಗಳೇ ಐರನ್‌ಗಳು. ಅವುಗಳ ತಳದಲ್ಲಿ ನಾಲ್ಕು, ಐದು, ಆರು ಎಂದು ಅಂಕಿ ಕೆತ್ತಿರುತ್ತದೆ. ಅಂಕಿ ಹೆಚ್ಚಿದಷ್ಟೂ ಚೆಂಡು ಎತ್ತರಕ್ಕೆ ಏರಿ ಹತ್ತಿರದಲ್ಲೇ ಬೀಳುತ್ತದೆ. ಕೋಲಿನ ಮುಖ ಹಿಂದಕ್ಕೆ ಎಷ್ಟು ವಾಲಿದೆ ಎನ್ನುವ ಕೋನಕ್ಕೆ ಲಾಫ್ಟ್ ಎನ್ನುತ್ತಾರೆ.

ಗುಟ್ಟು ಇರುವುದು ಈ ಲಾಫ್ಟಿನಲ್ಲೇ. ಐವತ್ತು ವರ್ಷದ ಹಿಂದೆ ಏಳನೇ ಐರನ್ನಿನ ಲಾಫ್ಟ್ 38 ಡಿಗ್ರಿ ಆಸುಪಾಸು ಇತ್ತು. ಇವತ್ತಿಗೂ ನುರಿತ ಆಟಗಾರರು ಬಳಸುವ, ಒಂದೇ ಗಟ್ಟಿ ಉಕ್ಕಿನ ತಲೆಯ ಬ್ಲೇಡ್ ಸೆಟ್ಟಿನಲ್ಲಿ ಅದು 34 ಡಿಗ್ರಿ ಇರುತ್ತದೆ. ಹವ್ಯಾಸಿಗಳಿಗೆಂದೇ ಮಾಡಿದ ಸೆಟ್‌ಗಳಲ್ಲಿ 30, 28, ಕೆಲವದರಲ್ಲಿ 27ಕ್ಕೂ ಇಳಿದಿದೆ. ಮೂವತ್ತು ವರ್ಷದ ಹಿಂದೆ 28 ಡಿಗ್ರಿಯ ಕೋಲಿನ ಮೇಲೆ ಐದು ಎಂದು ಬರೆಯುತ್ತಿದ್ದರು. ಜೊತೆಗೆ ಶಾಫ್ಟನ್ನೂ, ಅಂದರೆ ಕೋಲಿನ ದಂಡವನ್ನೂ, ಕಾಲು ಇಂಚು, ಅರ್ಧ ಇಂಚು ಉದ್ದ ಮಾಡಿದ್ದಾರೆ. ಒಂದು ಡಿಗ್ರಿಗೆ ಸುಮಾರು ಎರಡು ಮೂರು ಗಜ ಎಂದು ಹಿಡಿದರೂ ಆರು ಡಿಗ್ರಿಗೆ ಎಷ್ಟಾಯಿತು, ನೀವೇ ಲೆಕ್ಕ ಹಾಕಿ. ಸೇರಿನ ಅಳತೆಯನ್ನೇ ಕುಗ್ಗಿಸಿ ಬೆಳೆ ಜಾಸ್ತಿ ಬಂತು ಅಂದ ಹಾಗೆ.

ಹಾಗಂತ ಇದನ್ನು ಬರೀ ಮೋಸ ಎಂದು ತಳ್ಳಿಹಾಕುವುದೂ ತಪ್ಪು. ಲಾಫ್ಟ್ ಕಡಿಮೆ ಮಾಡಿ ತಲೆಯ ಉಳಿದ ಭಾಗವನ್ನು ಹಾಗೇ ಬಿಟ್ಟರೆ ಚೆಂಡು ತಗ್ಗಾಗಿ ಹೋಗಿ, ಗ್ರೀನಿನ ಮೇಲೆ, ಅಂದರೆ ಕುಳಿಯ ಸುತ್ತಲಿನ ನುಣುಪು ಹುಲ್ಲಿನ ಮೇಲೆ ಬಿದ್ದು, ಆಚೆ ಉರುಳಿಹೋಗುತ್ತದೆ. ಅದನ್ನು ಮೇಲೆತ್ತಲು ತಯಾರಕರು ತಲೆಯೊಳಗಿನ ಭಾರವನ್ನು ಸ್ಥಳಾಂತರಿಸಬೇಕಾಯಿತು. ಇದೇ ನಿಜವಾದ ಎಂಜಿನಿಯರಿಂಗ್.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ ನೋಡಿ. ಮೂರಡಿ ಉದ್ದದ ಒಂದು ಕೋಲು, ನೀರು ತುಂಬಿದ ಅರ್ಧ ಲೀಟರಿನ ಎರಡು ಬಾಟಲಿ ತೆಗೆದುಕೊಳ್ಳಿ. ಮೊದಲು ಎರಡೂ ಬಾಟಲಿಗಳನ್ನು ಕೋಲಿನ ನಡುವಿಗೆ, ಹಿಡಿಯುವ ಜಾಗದ ಅಕ್ಕಪಕ್ಕದಲ್ಲೇ ಕಟ್ಟಿ. ನಡುವೆ ಹಿಡಿದು ಮಣಿಕಟ್ಟನ್ನು ಆಚೀಚೆ ತಿರುಗಿಸಿ. ಸಲೀಸಾಗಿ ತಿರುಗುತ್ತದೆ. ಈಗ ಅವೇ ಬಾಟಲಿಗಳನ್ನು ಕೋಲಿನ ಎರಡು ತುದಿಗೆ ಕಟ್ಟಿ ತಿರುಗಿಸಿ. ಮಣಿಕಟ್ಟು ನೋಯುತ್ತದೆ. ಭಾರ ಅಷ್ಟೇ, ಒಂದು ಗ್ರಾಂ ಹೆಚ್ಚಿಲ್ಲ. ನಡುವಿನಿಂದ ಭಾರದ ದೂರ ಎರಡು ಪಟ್ಟಾದರೆ ತಿರುಗುವುದಕ್ಕೆ ಅದು ಒಡ್ಡುವ ವಿರೋಧ ನಾಲ್ಕು ಪಟ್ಟಾಗುತ್ತದೆ. ಅಡ್ಡೆ ಹೊತ್ತವನು ತಟಕ್ಕನೆ ಹಿಂತಿರುಗಲಾರ ಎನ್ನುವುದು ನಮ್ಮ ಹಿರಿಯರಿಗೆ ಗೊತ್ತಿದ್ದ ವಿಷಯವೇ.

ಐರನ್ನಿನ ತಲೆಗೂ ಇದೇ ನ್ಯಾಯ. ಏಳನೇ ಐರನ್ನಿನ ತಲೆ ಸುಮಾರು 270 ಗ್ರಾಂ, ಚೆಂಡು ಹೆಚ್ಚೆಂದರೆ 45.93 ಗ್ರಾಂ. ಎರಡೂ ತಾಕಿರುವ ಹೊತ್ತು ಒಂದು ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಭಾಗ. ಹಳೆಯ ಬ್ಲೇಡಿನಲ್ಲಿ ಉಕ್ಕೆಲ್ಲ ಒಂದೇ ಗಟ್ಟಿಯಾಗಿ ಮುಖದ ಹಿಂಭಾಗದಲ್ಲೇ ಗುಂಪುಗೂಡಿರುತ್ತದೆ. ಚೆಂಡು ಸರಿಯಾದ ಜಾಗಕ್ಕೆ ತಾಕಿದರೆ ಬೆಣ್ಣೆ ಕತ್ತರಿಸಿದ ಹಾಗೆ. ತುದಿಯ ಕಡೆ ಅರ್ಧ ಇಂಚು ಸರಿದು ತಾಕಿತೋ, ಆ ಕ್ಷಣಾರ್ಧದಲ್ಲೇ ತಲೆ ತಿರುಚಿಕೊಂಡು ಮುಖ ಬಲಕ್ಕೆ ತೆರೆದುಕೊಳ್ಳುತ್ತದೆ. ಚೆಂಡಿಗೆ ಹೋಗಬೇಕಾದ ಶಕ್ತಿಯಲ್ಲಿ ಒಂದು ಪಾಲು ತಿರುಚುವುದರಲ್ಲೇ ಖರ್ಚು. ಚೆಂಡು ಗ್ರೀನ್ ಮುಟ್ಟದೆ ಅದರ ಮುಂದಿನ ಮರಳಿನಲ್ಲಿ ಕೂರುತ್ತದೆ.

ಇದಕ್ಕೆ ಮದ್ದು ಕಂಡವರಲ್ಲಿ ಮುಖ್ಯರು ನಾರ್ವೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ಎಂಜಿನಿಯರ್ ಆಗಿದ್ದ ಕಾರ್ಸ್ಟನ್ ಸೋಲ್ಹೈಮ್. 1959ರಲ್ಲಿ ಅವರು ಮಾಡಿದ ಪಟರ್ ಚೆಂಡಿಗೆ ತಾಗಿದಾಗ 'ಪಿಂಗ್' ಎಂದು ಸದ್ದು ಮಾಡುತ್ತಿತ್ತು. ಕಂಪನಿಯ ಹೆಸರೂ ಅದೇ ಆಯಿತು. 1960ರ ದಶಕದಲ್ಲಿ ಅದೇ ಯೋಚನೆಯನ್ನು ಐರನ್‌ಗಳಿಗೂ ತಂದರು. ಮುಖದ ಹಿಂಬದಿಯನ್ನು ಗುಳಿ ತೋಡಿ, ಅಲ್ಲಿ ಉಳಿದ ಉಕ್ಕನ್ನು ಅಂಚಿಗೆ ಸರಿಸಿದರು. ಕ್ಯಾವಿಟಿ ಬ್ಯಾಕ್ ಎಂದರೆ ಇದೇ. ಬ್ಲೇಡನ್ನು ಹೆಚ್ಚಾಗಿ ಮೆದು ಉಕ್ಕಿನಲ್ಲಿ ಕಮ್ಮಾರನ ರೀತಿ ಬಡಿದು ಮಾಡುತ್ತಾರೆ. ಗುಳಿಯಿರುವ ಇಂಥ ಆಕಾರವನ್ನು ಬಡಿದು ಮಾಡುವುದಕ್ಕಿಂತ ಮೇಣದ ಅಚ್ಚಿಟ್ಟು ಎರಕ ಹೊಯ್ಯುವುದು ಸುಲಭ. ನಮ್ಮ ಕಂಚಿನ ವಿಗ್ರಹ ಎರಕ ಹೊಯ್ಯುವವರಿಗೆ ಆ ವಿದ್ಯೆ ಹೊಸದೇನಲ್ಲ. ಈಗ ಕೆಲವರು ತುದಿಯಲ್ಲಿ ಟಂಗ್‌ಸ್ಟನ್ ತುಂಡು ಕೂರಿಸುತ್ತಾರೆ. ಅದು ಅಷ್ಟೇ ಗಾತ್ರದ ಉಕ್ಕಿಗಿಂತ ಸುಮಾರು ಎರಡೂವರೆ ಪಟ್ಟು ತೂಕ.

ಇಲ್ಲೊಂದು ತಪ್ಪು ತಿಳುವಳಿಕೆ ಇದೆ. ಕ್ಯಾವಿಟಿ ಕ್ಷಮಿಸುವುದು ಚೆಂಡು ನಡುವಿಗೆ ತಾಕದ ತಪ್ಪನ್ನು ಮಾತ್ರ. ಕೋಲು ಬೀಸಿ ತರುವಾಗಲೇ ಮುಖ ಬಲಕ್ಕೆ ತೆರೆದಿದ್ದರೆ ಚೆಂಡೂ ಬಲಕ್ಕೇ ಹೋಗುತ್ತದೆ. ಅದಕ್ಕೆ ಯಾವ ಲೋಹವೂ ಅಡ್ಡ ಬರುವುದಿಲ್ಲ.

ಅಕ್ಕಪಕ್ಕಕ್ಕೆ ತಪ್ಪುವುದಕ್ಕಿಂತ ಮೇಲೆ ಕೆಳಗೆ ತಪ್ಪುವುದು ಹವ್ಯಾಸಿಗಳಿಗೆ ದುಬಾರಿ. ಸ್ವಲ್ಪ ನಿಧಾನವಾಗಿ ನೋಡೋಣ. ಚೆಂಡಿನ ವ್ಯಾಸ 42.67 ಮಿಲಿಮೀಟರಿಗಿಂತ ಕಡಿಮೆ ಇರುವಂತಿಲ್ಲ, ಅಂದರೆ ಅದರ ನಡುಬಿಂದು ನೆಲದಿಂದ ಸುಮಾರು 21 ಮಿಲಿಮೀಟರ್ ಮೇಲೆ. ಏಳನೇ ಐರನ್ನಿನ ಮುಖ ಚೆಂಡಿಗೆ ಬರುವಾಗ 25 ಡಿಗ್ರಿ ವಾಲಿದೆ ಎಂದುಕೊಳ್ಳಿ. ಹಾಗೆ ವಾಲಿದ ಮುಖ ಚೆಂಡಿನ ನಡುವನ್ನು ಮುಟ್ಟುವುದಿಲ್ಲ, ನಡುವಿಗಿಂತ ಕೆಳಗೆ, ನೆಲದಿಂದ ಸುಮಾರು 12 ಮಿಲಿಮೀಟರ್ ಎತ್ತರದಲ್ಲಿ ಮುಟ್ಟುತ್ತದೆ. ಆದರೆ ಹೆಚ್ಚಿನ ಐರನ್‌ಗಳ ಗುರುತ್ವ ಕೇಂದ್ರ ತಳದಿಂದ 18ರಿಂದ 21 ಮಿಲಿಮೀಟರ್ ಮೇಲಿರುತ್ತದೆ. ಕೋಲಿನ ತಳ ನೆಲವನ್ನು ಸವರಿಕೊಂಡು ಬಂದರೆ ಹೊಡೆತ ಗುರುತ್ವ ಕೇಂದ್ರಕ್ಕಿಂತ ಕೆಳಗೇ ಬಿತ್ತು. ಕೈ ಜುಮ್ಮೆನ್ನುತ್ತದೆ, ಚೆಂಡು ತಗ್ಗಾಗಿ ಸತ್ತಂತೆ ಹೋಗುತ್ತದೆ. ನುರಿತವರು ಮೊದಲು ಚೆಂಡನ್ನು, ಆಮೇಲೆ ಹುಲ್ಲನ್ನು ಹೊಡೆದು ಒಂದು ಹೆಂಟೆ ಎಬ್ಬಿಸುವುದು ಇದಕ್ಕೇ. ಕೋಲು ಕೆಳಕ್ಕೆ ಇಳಿಯುತ್ತಿದ್ದರೆ ಆ ಆರರಿಂದ ಒಂಬತ್ತು ಮಿಲಿಮೀಟರ್ ಅಂತರ ತುಂಬಿಕೊಳ್ಳುತ್ತದೆ. ಹಾಗೆ ಹೊಡೆಯಲು ಬಾರದವರಿಗಾಗಿ ತಯಾರಕರು ಭಾರವನ್ನೇ ಕೆಳಗಿಳಿಸಿದ್ದಾರೆ. ಅಗಲವಾದ, ದಪ್ಪ ತಳ ಇರುವುದು ಅದಕ್ಕೆ. ಭಾರ ಕೆಳಗಿದ್ದರೆ ಚೆಂಡು ಸುಲಭವಾಗಿ ಮೇಲೇಳುತ್ತದೆ. 28 ಡಿಗ್ರಿಯ ಕೋಲಿಗೆ ಏಳು ಎಂದು ಬರೆಯುವ ಧೈರ್ಯ ಬಂದದ್ದು ಇಲ್ಲಿಂದ.

ಇನ್ನು ಮುಖದ ದಪ್ಪ. ಒಳಗೆ ಪೊಳ್ಳು ಬಿಟ್ಟು, ಗಟ್ಟಿ ಉಕ್ಕಿನ ತೆಳು ಹಾಳೆಯಂಥ ಮುಖ ಕೂರಿಸಿದರೆ ಅದು ತಮಟೆಯ ಚರ್ಮದಂತೆ ಒಳಗೆ ಬಾಗಿ ಚಿಮ್ಮುತ್ತದೆ. ಗಂಟೆಗೆ 120 ಕಿಲೋಮೀಟರ್ ವೇಗದಲ್ಲಿ ಬಂದ ಏಳನೇ ಐರನ್ ಚೆಂಡನ್ನು ಸುಮಾರು 160ಕ್ಕೆ ಕಳಿಸುತ್ತದೆ. ನಮ್ಮೂರಿನ ಜಾವಗಲ್ ಶ್ರೀನಾಥ್ ಅವರ ಬಿರುಸಿನ ಎಸೆತಕ್ಕೂ ಒಂದು ಕೈ ಹೆಚ್ಚು. ಚಿಮ್ಮುವ ಮುಖ ಇದಕ್ಕೆ ಇನ್ನಷ್ಟು ಸೇರಿಸುತ್ತದೆ. ತೊಂದರೆ ಏನೆಂದರೆ, ಹತ್ತರಲ್ಲಿ ಒಂದು ಹೊಡೆತ ಇದ್ದಕ್ಕಿದ್ದಂತೆ ಹತ್ತು ಗಜ ಹೆಚ್ಚು ಹೋಗಿಬಿಡುವುದುಂಟು. ಡ್ರೈವರಿನಲ್ಲಿ ಅದು ಹಬ್ಬ, ಐರನ್ನಿನಲ್ಲಿ ಶಾಪ. ಐರನ್ ಇರುವುದು ಹೇಳಿದ ಜಾಗಕ್ಕೆ ಚೆಂಡು ಇಳಿಸಲು.

ಇಳಿಯುವುದು ಅಂದೆ. ಅಮೆರಿಕದ ವೃತ್ತಿಪರರ ಏಳನೇ ಐರನ್ ಹೊಡೆತದಲ್ಲಿ ಚೆಂಡು ನಿಮಿಷಕ್ಕೆ ಸುಮಾರು 7,000 ಸುತ್ತು ಹಿಮ್ಮುಖವಾಗಿ ತಿರುಗುತ್ತಾ 50 ಡಿಗ್ರಿ ಕೋನದಲ್ಲಿ ನೆಲಕ್ಕಿಳಿಯುತ್ತದೆ. 45ಕ್ಕಿಂತ ಚಪ್ಪಟೆಯಾಗಿ ಇಳಿದರೆ ಗಟ್ಟಿ ಗ್ರೀನಿನ ಮೇಲೆ ನಿಲ್ಲುವುದು ಕಷ್ಟ. ಲಾಫ್ಟ್ ಇಳಿಸಿದ ಕೋಲಿನಲ್ಲಿ ಸುತ್ತು ಕಡಿಮೆ. ಬೀಸುವ ವೇಗವೂ ಕಡಿಮೆಯಿದ್ದರೆ ಚೆಂಡು ನಿಲ್ಲದೆ ಹಿಂದಿನ ಪೊದೆ ಸೇರುತ್ತದೆ. ಮಾರ್ಚ್ ಏಪ್ರಿಲ್ ಬಿಸಿಲಲ್ಲಿ ನಮ್ಮ ಕೆಮ್ಮಣ್ಣಿನ ನೆಲ ಕಾದು ಗಟ್ಟಿಯಾದಾಗ ಇದು ಚೆನ್ನಾಗಿ ಗೊತ್ತಾಗುತ್ತದೆ.

ನೆಲದ ಮಾತು ಬಂದದ್ದರಿಂದ ತಳದ ಬಗ್ಗೆಯೂ ಹೇಳಬೇಕು. ಅಗಲ ತಳ ಮಳೆಗಾಲದ ಮೆತ್ತನೆ ನೆಲದಲ್ಲಿ ವರ. ಚೆಂಡಿಗಿಂತ ಒಂದಂಗುಲ ಹಿಂದೆ ಬಿದ್ದರೂ ನೇಗಿಲಿನಂತೆ ಹೂತುಕೊಳ್ಳದೆ ಜಾರುತ್ತದೆ. ಅದೇ ತಳ ಒಣಗಿದ ಗಟ್ಟಿ ನೆಲಕ್ಕೆ ಬಡಿದರೆ ಪುಟಿದು, ಮುಂದಿನ ಅಂಚು ಚೆಂಡಿನ ಹೊಟ್ಟೆಗೆ ತಾಕುತ್ತದೆ. ಕಿರಿದಾದ ತಳದ್ದು ಇದಕ್ಕೆ ತದ್ವಿರುದ್ಧ. ವರ್ಷಪೂರ್ತಿ ಒಂದೇ ಸೆಟ್ಟಿನಲ್ಲಿ ಆಡುವವರು ಮಧ್ಯಮ ಅಗಲದ, ಹಿಂದಿನ ಅಂಚು ಉಜ್ಜಿ ಇಳಿಜಾರು ಮಾಡಿದ ತಳ ಹುಡುಕುವುದು ಲೇಸು.

ಆಫ್‌ಸೆಟ್ ಎಂದರೆ ಕೋಲಿನ ಮುಖ ಶಾಫ್ಟಿಗಿಂತ ಕೆಲವು ಮಿಲಿಮೀಟರ್ ಹಿಂದೆ ಇರುವುದು. ಮುಖ ಮುಚ್ಚಿಕೊಳ್ಳಲು ಒಂದಿಷ್ಟು ಸಮಯ ಸಿಗುವುದರಿಂದ ಬಲಕ್ಕೆ ಬಾಗುವ ಸ್ಲೈಸ್ ಕಡಿಮೆಯಾಗುತ್ತದೆ. ಈಗಾಗಲೇ ಎಡಕ್ಕೆ ಬಾಗಿಸುವವರು ಅದರ ತಂಟೆಗೆ ಹೋಗಬಾರದು.

ಎತ್ತರ ಕಡಿಮೆ ಇರುವವರು ಲೈ ಕೋನವನ್ನು, ಅಂದರೆ ತಳ ನೆಲಕ್ಕೆ ಕೂತಾಗ ಶಾಫ್ಟಿಗೂ ನೆಲಕ್ಕೂ ನಡುವಿನ ಕೋನವನ್ನು ನೋಡಿಸಿಕೊಳ್ಳಿ. ತಳದಲ್ಲಿ ಉಜ್ಜಿದ ಗುರುತು ಶಾಫ್ಟಿನ ಕಡೆಯ ಹಿಮ್ಮಡಿಯಲ್ಲೇ ಇದ್ದರೆ ಕೋಲು ನಿಮಗೆ ನೆಟ್ಟಗಾಯಿತು ಎಂದರ್ಥ, ಬಲಗೈ ಆಟಗಾರರಿಗೆ ಚೆಂಡು ಎಡಕ್ಕೆ ಹೋಗುತ್ತದೆ. ಬಡಿದು ಮಾಡಿದ ಮೆದು ಉಕ್ಕಿನದಾದರೆ ಎರಡು ಡಿಗ್ರಿ ಬಗ್ಗಿಸಬಹುದು. ಎರಕದ ಸ್ಟೇನ್‌ಲೆಸ್ ಬಗ್ಗುವುದು ಕಷ್ಟ, ಬಲವಂತ ಮಾಡಿದರೆ ಮುರಿಯಬಹುದು.

ಕೊಳ್ಳುವ ಮುಂಚೆ ಒಂದು ಪರೀಕ್ಷೆ. ಕೋಲಿನ ಮುಖಕ್ಕೆ ಸ್ವಲ್ಪ ಟಾಲ್ಕಂ ಪೌಡರ್ ಹಚ್ಚಿ. ಐದು ಚೆಂಡು ಹೊಡೆದು ಗುರುತುಗಳು ಎಲ್ಲಿ ಮೂಡಿವೆ ನೋಡಿ. ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲೇ ಇದ್ದರೆ ಬ್ಲೇಡಿನ ಯೋಚನೆ ಮಾಡಬಹುದು. ಮುಖದ ತುಂಬಾ ಚೆಲ್ಲಾಡಿದ್ದರೆ ಕ್ಯಾವಿಟಿಯೇ ನಿಮ್ಮ ಮಿತ್ರ. ಪೌಡರ್ ಇದ್ದಾಗ ಚೆಂಡಿನ ಸುತ್ತು ಬದಲಾಗುವುದರಿಂದ ದೂರ ಅಳೆಯಬೇಡಿ. ಮುಖ ಒರೆಸಿ, ಇನ್ನೂ ಹತ್ತು ಹೊಡೆಯಿರಿ. ಎಲ್ಲಕ್ಕಿಂತ ದೂರ ಹೋದದ್ದನ್ನು ಮರೆತುಬಿಡಿ. ಉಳಿದವುಗಳಲ್ಲಿ ಅತಿ ಮುಂದಿನದಕ್ಕೂ ಅತಿ ಹಿಂದಿನದಕ್ಕೂ ಎಷ್ಟು ಅಂತರ ಎನ್ನುವುದನ್ನು ಹೆಜ್ಜೆ ಹಾಕಿ ಅಳೆಯಿರಿ. ಹಳೆಯ ಸೆಟ್ಟಿನೊಂದಿಗೆ ಹೋಲಿಸುವಾಗ ನಂಬರಿಗೆ ನಂಬರ್ ಬೇಡ, ಲಾಫ್ಟಿಗೆ ಲಾಫ್ಟ್ ನೋಡಿ. ಮಂಗಳೂರಿನಲ್ಲಿ ಅಳೆದ ದೂರವನ್ನು ಇಲ್ಲಿಗೆ ತರಬೇಡಿ. ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಮೇಲಿರುವ ಮೈಸೂರಿನ ಗಾಳಿ ತೆಳು, ಚೆಂಡು ನೂರಕ್ಕೆ ಸುಮಾರು ಮೂರು ಗಜ ಹೆಚ್ಚು ಹೋಗುತ್ತದೆ.

ಕಡೆಗೆ ಚೀಲದ ತಳ ನೋಡಿಕೊಳ್ಳಿ. ಹತ್ತಿರದ ಹೊಡೆತಕ್ಕೆ ಬಳಸುವ, ಹೆಚ್ಚು ಲಾಫ್ಟಿನ ಕೋಲುಗಳಿಗೆ ವೆಡ್ಜ್ ಎನ್ನುತ್ತಾರೆ. ಹೊಸ ಸೆಟ್ಟಿನ ಪಿಚಿಂಗ್ ವೆಡ್ಜ್ 43 ಡಿಗ್ರಿ ಇದ್ದು, ನಿಮ್ಮ ಹಳೆಯ ಸ್ಯಾಂಡ್ ವೆಡ್ಜ್ 56 ಇದ್ದರೆ ನಡುವೆ 13 ಡಿಗ್ರಿ ಖಾಲಿ. ಅಂದರೆ ಗ್ರೀನಿಗೆ ನೂರು ಗಜದ ಆಸುಪಾಸಿನಲ್ಲಿ, ಅಂಕ ಉಳಿಸಿಕೊಳ್ಳಬೇಕಾದ ಜಾಗದಲ್ಲೇ, ಪೂರ್ತಿ ಬೀಸಲು ನಿಮ್ಮ ಬಳಿ ಕೋಲಿಲ್ಲ. ಅಲ್ಲಿಗೆ 47 ಮತ್ತು 52 ಡಿಗ್ರಿಯ ಎರಡು ವೆಡ್ಜ್ ಬೇಕು. ಚೀಲದಲ್ಲಿ 14ಕ್ಕಿಂತ ಹೆಚ್ಚು ಕೋಲು ಇರಕೂಡದೆಂಬ ನಿಯಮ ಇರುವುದರಿಂದ ಮೇಲಿನಿಂದ ಎರಡನ್ನು ತೆಗೆಯಬೇಕಾದೀತು. ನಾಲ್ಕನೇ ಐರನ್ ಮೊದಲು ಹೋಗಲಿ. ಲಾಫ್ಟ್ 20ರ ಆಸುಪಾಸಿಗೆ ಇಳಿದಿರುವ ಆ ಕೋಲನ್ನು ಬೀಸಿ ಚೆಂಡು ಮೇಲೆಬ್ಬಿಸುವಷ್ಟು ವೇಗ ಹವ್ಯಾಸಿಗಳಲ್ಲಿ ಬಹಳ ಮಂದಿಗೆ ಇರುವುದಿಲ್ಲ.

ನಮಸ್ಕಾರ.