ಅನ್ನ ಬಿಟ್ಟವರು ಏನನ್ನು ಬಿಟ್ಟರು?

ವ್ಯಾಯಾಮಶಾಲೆಯ ಗೆಳೆಯರೇ, ಗರಡಿಯಿಂದ ಬಂದಿರುವ ಹಿರಿಯರೇ, ಮಕ್ಕಳ ಊಟದ ಚಿಂತೆಯಿಂದಲೇ ಬಂದು ಕುಳಿತಿರುವ ತಾಯಂದಿರೇ, ಎಲ್ಲರಿಗೂ ನಮಸ್ಕಾರ.

ಈಚೆಗೆ ಯಾರ ಮನೆಗೆ ಊಟಕ್ಕೆ ಹೋದರೂ ಕಿರಿಯರೊಬ್ಬರು ‘ನನಗೆ ಅನ್ನ ಬೇಡ, ಕಾರ್ಬ್ಸ್ ಬಿಟ್ಟಿದ್ದೇನೆ’ ಎನ್ನುತ್ತಾರೆ. ಬಡಿಸುವವರ ಮುಖ ಸಣ್ಣಗಾಗುತ್ತದೆ. ಅದೇ ಕಿರಿಯರು ಸಂಜೆ ಚಹಾದ ಜೊತೆ ‘ಡೈಜೆಸ್ಟಿವ್’ ಎಂದು ಬರೆದ ಬಿಸ್ಕತ್ತಿನ ಅರ್ಧ ಪೊಟ್ಟಣ ಮುಗಿಸಿರುತ್ತಾರೆ. ಕಾರ್ಬ್ಸ್ ಎಂದರೆ ಕಾರ್ಬೋಹೈಡ್ರೇಟ್, ಅಂದರೆ ಪಿಷ್ಟ, ಸಕ್ಕರೆಯಂಥ ಅಂಶ. ಬಿಸ್ಕತ್ತಿನಲ್ಲಿ ಅದು ಇಲ್ಲವೆಂದು ಅವರಿಗೆ ಯಾರು ಹೇಳಿಕೊಟ್ಟರೋ!

ಅನ್ನ ಬಿಟ್ಟ ಮೊದಲ ವಾರ ತೂಕ ಇಳಿಯುವುದು ನಿಜ. ಒಂದೂವರೆ, ಎರಡು ಕಿಲೋ ಇಳಿದದ್ದನ್ನು ನೋಡಿ ಹಿಗ್ಗುತ್ತಾರೆ. ಆದರೆ ಅಲ್ಲಿ ಇಳಿದದ್ದು ಬಹುಮಟ್ಟಿಗೆ ನೀರು. ನಾವು ತಿಂದ ಪಿಷ್ಟ ಗ್ಲೂಕೋಸ್ ಆಗಿ, ಅದರಲ್ಲಿ ಒಂದು ಪಾಲು ಗ್ಲೈಕೋಜನ್ ರೂಪದಲ್ಲಿ ಸ್ನಾಯುಗಳಲ್ಲಿ ಸುಮಾರು 400 ಗ್ರಾಂ, ಯಕೃತ್ತಿನಲ್ಲಿ ಸುಮಾರು 100 ಗ್ರಾಂನಷ್ಟು ಶೇಖರವಾಗಿರುತ್ತದೆ. ಪ್ರತಿ ಗ್ರಾಂ ಗ್ಲೈಕೋಜನ್ ತನ್ನೊಂದಿಗೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ದಾಸ್ತಾನು ಖಾಲಿಯಾದರೆ ನೀರೂ ಹೋಗುತ್ತದೆ. ಮದುವೆ ಮನೆಯಲ್ಲಿ ಎರಡು ದಿನ ಉಂಡು ಬಂದರೆ ಅಷ್ಟೂ ಹಿಂದಿರುಗುತ್ತದೆ. ಭಾರ ಎತ್ತುವಾಗ, ಬಸ್ಕಿ ಹೊಡೆಯುವಾಗ, ಓಟದಲ್ಲಿ ವೇಗ ಹೆಚ್ಚಿಸಿದಾಗ ಸ್ನಾಯು ಹೆಚ್ಚಾಗಿ ಕೈ ಹಾಕುವುದು ಈ ದಾಸ್ತಾನಿಗೇ. ಕೊಬ್ಬು ಎಷ್ಟಿದ್ದರೂ ಅಷ್ಟು ಚುರುಕಾಗಿ ಉರಿಯಲಾರದು. ಹಾಗಾಗಿ ಅನ್ನ ಬಿಟ್ಟವರು ಎಷ್ಟೋ ಸಲ ಬಿಟ್ಟುಕೊಡುವುದು ತಮ್ಮ ಕೊನೆಯ ಎರಡು ಸೆಟ್‌ಗಳನ್ನು.

ಹಾಗಾದರೆ ಅನ್ನ ಬಿಟ್ಟು ರಾಗಿ ತಿಂದರೆ? ಈ ಪ್ರಶ್ನೆ ಬಂದೇ ಬರುತ್ತದೆ. ರಾಗಿಯ ಮೇಲೆ ನನಗೆ ಪ್ರೀತಿ ಇದೆ, ಕುರುಡು ಭಕ್ತಿ ಇಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 67 ಗ್ರಾಂ ಕಾರ್ಬೋಹೈಡ್ರೇಟ್, 11 ಗ್ರಾಂ ನಾರು, 7 ಗ್ರಾಂ ಪ್ರೋಟೀನ್, 360 ಮಿಲಿಗ್ರಾಂನಷ್ಟು ಕ್ಯಾಲ್ಸಿಯಂ ಇದೆ. ಅಷ್ಟೇ ತೂಕದ ಪಾಲಿಶ್ ಅಕ್ಕಿಯಲ್ಲಿ ಕಾರ್ಬೋಹೈಡ್ರೇಟ್ 78 ಗ್ರಾಂ, ನಾರು ಮೂರು ಗ್ರಾಂಗಿಂತ ಕಡಿಮೆ, ಪ್ರೋಟೀನ್ ಸುಮಾರು 8 ಗ್ರಾಂ. ನಾರಿನಲ್ಲಿ, ಸುಣ್ಣದ ಅಂಶದಲ್ಲಿ ರಾಗಿಯ ಕೈ ಮೇಲು. ಪ್ರೋಟೀನಿನಲ್ಲಿ ಅಂಥ ವ್ಯತ್ಯಾಸವಿಲ್ಲ. ಇನ್ನು ರಕ್ತಕ್ಕೆ ಸಕ್ಕರೆ ಏರುವ ವೇಗ. ಇದನ್ನು ಅಳೆಯುವ ಗ್ಲೈಸೆಮಿಕ್ ಇಂಡೆಕ್ಸ್ ಎಂಬ ಅಳತೆಯನ್ನು 1981ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಡೇವಿಡ್ ಜೆಂಕಿನ್ಸ್ ಮತ್ತು ಸಂಗಡಿಗರು ಮುಂದಿಟ್ಟರು. ಆ ವೇಗ ಧಾನ್ಯದ ಜಾತಿಯನ್ನಷ್ಟೇ ನೋಡುವುದಿಲ್ಲ. ಎಷ್ಟು ನುಣ್ಣಗೆ ಬೀಸಿದ್ದೀರಿ, ಎಷ್ಟು ಬೇಯಿಸಿದ್ದೀರಿ, ಜೊತೆಗೆ ಏನು ತಿಂದಿರಿ ಎಂಬುದನ್ನೂ ನೋಡುತ್ತದೆ. ಗಿರಣಿಯಲ್ಲಿ ಪೌಡರಿನಂತೆ ಬೀಸಿಸಿದ ಹಿಟ್ಟಿನ ಗಂಜಿಗೆ ಬೆಲ್ಲ ಕಲಸಿ ಕುಡಿದು ‘ಸಿರಿಧಾನ್ಯ’ ಎಂದು ನೆಮ್ಮದಿಪಟ್ಟುಕೊಂಡರೆ ರಕ್ತ ಆ ಹೆಸರಿಗೆ ಮರುಳಾಗುವುದಿಲ್ಲ. ಬೆಲ್ಲದಲ್ಲೂ ಬಹುಪಾಲು ಸುಕ್ರೋಸೇ ಇರುವುದು, ಸಕ್ಕರೆಯ ಹಾಗೆಯೇ.

ಇದಕ್ಕೆ ಈಗ ದೇಶಮಟ್ಟದ ಆಧಾರವೂ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಇಂಡಿಯಾಬ್ ಎಂಬ ಮಧುಮೇಹ ಅಧ್ಯಯನ ದೇಶದಾದ್ಯಂತ ವಯಸ್ಕರ ಊಟವನ್ನು ನೋಡಿ 2025ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಭಾರತೀಯರು ಊಟದಿಂದ ಪಡೆಯುವ ಶಕ್ತಿಯಲ್ಲಿ ಸುಮಾರು ಶೇ 62ರಷ್ಟು ಕಾರ್ಬೋಹೈಡ್ರೇಟಿನಿಂದಲೇ ಬರುತ್ತದೆ. ಬಿಳಿ ಅಕ್ಕಿಯ ಬದಲು ಗೋಧಿ ಅಥವಾ ಸಿರಿಧಾನ್ಯದ ಹಿಟ್ಟು ಬಳಸಿದ ಮಾತ್ರಕ್ಕೆ ಮಧುಮೇಹದ ಅಪಾಯ ಕಡಿಮೆಯಾದದ್ದು ಅಲ್ಲಿ ಕಾಣಲಿಲ್ಲ. ಕಾರ್ಬೋಹೈಡ್ರೇಟಿನ ಒಂದು ಸಣ್ಣ ಪಾಲನ್ನು ತೆಗೆದು ಆ ಜಾಗಕ್ಕೆ ಬೇಳೆಕಾಳು, ಹಾಲು ಮೊಸರಿನ ಪ್ರೋಟೀನ್ ತಂದಾಗ ಅಪಾಯ ತಗ್ಗುವ ಸೂಚನೆ ಕಂಡಿತು. ತಟ್ಟೆಯಲ್ಲಿ ಅನ್ನವೋ ಮುದ್ದೆಯೋ ಎಂದು ಜಗಳವಾಡುವ ನಮಗೆ ಇದು ಸ್ವಲ್ಪ ಇರುಸುಮುರುಸಿನ ಸುದ್ದಿ. ಅದರ ಪಕ್ಕದಲ್ಲಿ ಏನಿದೆ, ಎಷ್ಟಿದೆ ಎಂಬುದೇ ನನ್ನ ಇಂದಿನ ಮಾತಿನ ತಿರುಳು.

ಬಸ್ಸಾರನ್ನೇ ತೆಗೆದುಕೊಳ್ಳಿ. ಅವರೆಕಾಳೋ ಹೆಸರುಕಾಳೋ ಸೊಪ್ಪಿನ ಜೊತೆ ಬೇಯುತ್ತದೆ. ನೀರನ್ನು ಬಸಿದು ಖಾರ ರುಬ್ಬಿ ಹಾಕಿದರೆ ಸಾರು. ಉಳಿದ ಕಾಳು, ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಇಷ್ಟು ಚೆನ್ನಾಗಿ ಯೋಚಿಸಿದ ಅಡುಗೆ ಇನ್ನೊಂದಿಲ್ಲ. ಆದರೆ ಉಣ್ಣುವಾಗ ನೋಡಿ: ಎರಡು ಮುದ್ದೆ ಸಾರಿನಲ್ಲಿ ಅದ್ದಿ ಅದ್ದಿ ಗಂಟಲಿಗಿಳಿಯುತ್ತದೆ, ಪಲ್ಯ ಮಾತ್ರ ತಟ್ಟೆಯ ಅಂಚಿನಲ್ಲಿ ಉಪ್ಪಿನಕಾಯಿಯಷ್ಟು. ಪ್ರೋಟೀನ್ ಬಹುಪಾಲು ಉಳಿದಿರುವುದು ಆ ಪಲ್ಯದಲ್ಲಿ! ಹುರುಳಿಯದೂ ಇದೇ ಕಥೆ. ಕಟ್ಟು ಬಸಿದು ಸಾರು ಮಾಡಿಕೊಂಡು, ಬೆಂದ ಕಾಳನ್ನು ಎತ್ತಿನ ಮುಂದೆ ಸುರಿಯುತ್ತಿದ್ದ ಮನೆಗಳು ಹಳೇ ಮೈಸೂರಿನಲ್ಲಿ ಬೇಕಾದಷ್ಟಿದ್ದವು. 100 ಗ್ರಾಂ ಹುರುಳಿಯಲ್ಲಿ 20 ಗ್ರಾಂಗೂ ಹೆಚ್ಚು ಪ್ರೋಟೀನ್ ಇದೆ. ಉಳುವ ಎತ್ತಿಗೆ ಅದು ಸಲ್ಲಬೇಕಾದದ್ದೇ. ಈಗ ಎತ್ತು ಹೋಗಿ ಟ್ರ್ಯಾಕ್ಟರ್ ಬಂದಿದೆ, ಕಾಳನ್ನು ನಾವೇ ತಿನ್ನಬಹುದು.

ಉತ್ತರ ಕರ್ನಾಟಕದ ರೊಟ್ಟಿ ಊಟ ಈ ವಿಷಯದಲ್ಲಿ ನಮಗಿಂತ ಜಾಣ. ಜೋಳದ ರೊಟ್ಟಿ, ಮಡಿಕೆಕಾಳಿನ ಉಸಳಿ, ಶೇಂಗಾ ಚಟ್ನಿ, ಮೊಸರು, ಹಸಿ ಈರುಳ್ಳಿ, ಮೆಂತ್ಯದ ಸೊಪ್ಪು. ಪ್ರೋಟೀನ್ ಕಟ್ಟಿರುವುದು ಅಮೈನೋ ಆಮ್ಲಗಳೆಂಬ ತುಣುಕುಗಳಿಂದ. ಅವುಗಳಲ್ಲಿ ಲೈಸಿನ್ ಎಂಬುದು ಧಾನ್ಯದ ಪ್ರೋಟೀನಿನಲ್ಲಿ ಕಡಿಮೆ, ಮೆಥಿಯೋನಿನ್ ಎಂಬುದು ಕಾಳಿನದರಲ್ಲಿ ಕಡಿಮೆ. ಎರಡೂ ಸೇರಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಕರಾವಳಿಯವರ ಕುಚ್ಚಲಕ್ಕಿಯನ್ನೂ ಮರೆಯಬಾರದು. ಭತ್ತವನ್ನು ಕುದಿಸಿ ಒಣಗಿಸುವಾಗ ಹೊರಪದರದ ಬಿ ಜೀವಸತ್ವಗಳಲ್ಲಿ ಒಂದು ಪಾಲು ಕಾಳಿನ ಒಳಗೆ ಸೇರಿಕೊಳ್ಳುತ್ತದೆ. ಅದರ ಗಂಜಿಗೆ ಬರೀ ಉಪ್ಪಿನಕಾಯಿ ಸಾಲದು, ಜೊತೆಗೆ ಹೆಸರುಕಾಳೋ ಮೀನೋ ಇರಲಿ.

ಲೆಕ್ಕ ಬೇಕು ಎನ್ನುವವರಿಗೆ ಒಂದು ಮಾದರಿ ಹೇಳುತ್ತೇನೆ. 60 ಕಿಲೋ ತೂಕದ, ದಿನಕ್ಕೊಂದು ಗಂಟೆ ವ್ಯಾಯಾಮ ಮಾಡುವ ಒಬ್ಬ ಯುವಕನಿಗೆ 2,200 ಕಿಲೋಕ್ಯಾಲೊರಿ ಬೇಕು ಎಂದುಕೊಳ್ಳೋಣ. ಅರ್ಧದಷ್ಟು ಕಾರ್ಬೋಹೈಡ್ರೇಟ್ ಎಂದರೆ 275 ಗ್ರಾಂ. ನಾಲ್ಕು ಇಡ್ಲಿಗೆ ಸುಮಾರು 45, ಮಧ್ಯಾಹ್ನ 100 ಗ್ರಾಂ ರಾಗಿಹಿಟ್ಟಿನ ಮುದ್ದೆಗೆ 67, ರಾತ್ರಿ 100 ಗ್ರಾಂ ಅಕ್ಕಿಯ ಅನ್ನಕ್ಕೆ 78, ಎರಡು ಏಲಕ್ಕಿ ಬಾಳೆಗೆ 25. ಉಳಿದ 60 ಗ್ರಾಂ ಹಾಲು, ಬೇಳೆ, ತರಕಾರಿಗಳಿಂದ ತಾನಾಗಿ ಬರುತ್ತದೆ. ಮುದ್ದೆಯೂ ಇದೆ, ಅನ್ನವೂ ಇದೆ! ಸಕ್ಕರೆಗೆ ಮಾತ್ರ ಜಾಗ ಉಳಿದಿಲ್ಲ.

ಕಷ್ಟವಿರುವುದು ಪ್ರೋಟೀನಿನಲ್ಲಿ. ಸಾಮಾನ್ಯರಿಗೆ ಒಂದು ಕಿಲೋ ದೇಹತೂಕಕ್ಕೆ 0.83 ಗ್ರಾಂ ಎಂಬುದು ಐಸಿಎಂಆರ್ ಶಿಫಾರಸು. ಸ್ನಾಯು ಬೆಳೆಸಲು ಭಾರ ಎತ್ತುವವರಿಗೆ ಸುಮಾರು 1.4ರಿಂದ 2 ಗ್ರಾಂ ಎಂದು ಕ್ರೀಡಾ ಪೋಷಣೆಯ ತಜ್ಞರು ಹೇಳುತ್ತಾರೆ. ನಮ್ಮ ಯುವಕನಿಗೆ 95 ಗ್ರಾಂ ಎಂದಿಟ್ಟುಕೊಳ್ಳಿ. ಒಂದು ಮೊಟ್ಟೆಗೆ 6, ಒಂದು ಲೋಟ ಹಾಲಿಗೆ 6, ಹಿಡಿ ಕಡಲೆಕಾಯಿ ಬೀಜಕ್ಕೆ 7, 50 ಗ್ರಾಂ ಒಣ ಸೋಯಾ ಉಂಡೆಗೆ 25, 100 ಗ್ರಾಂ ಪನೀರಿಗೆ 18. ತಿಳಿಸಾರಿನಿಂದ 95 ಮುಟ್ಟಲಾಗದು. ಬೇಳೆ ಗಟ್ಟಿಯಾಗಬೇಕು, ಕೋಸಂಬರಿ ಚಮಚದಿಂದ ಬಟ್ಟಲಿಗೆ ಏರಬೇಕು. ಮಾಂಸ ತಿನ್ನುವವರಿಗೆ ದಾರಿ ಸುಲಭ. ಪ್ರೋಟೀನ್ ಪೌಡರ್ ಡಬ್ಬಿಯನ್ನು ನಾನು ಬೈಯುವುದಿಲ್ಲ, ಅದೂ ಬಹುಮಟ್ಟಿಗೆ ಹಾಲಿನ ಉತ್ಪನ್ನವೇ. ಆದರೆ ಡಬ್ಬಿಗೆ ಸಾವಿರಾರು ರೂಪಾಯಿ ಸುರಿದು ಮನೆಯ ಪಲ್ಯವನ್ನು ತಟ್ಟೆಯಲ್ಲೇ ಬಿಡುವವರನ್ನು ಕಂಡರೆ ಸಿಟ್ಟು ಬರುತ್ತದೆ. 2,200ರಲ್ಲಿ ಉಳಿದ ಕ್ಯಾಲೊರಿಗೆ 80 ಗ್ರಾಂ ಜಿಡ್ಡು. ಅಡುಗೆ ಎಣ್ಣೆ, ತೆಂಗು, ಕಡಲೆಬೀಜ, ಹಾಲು ಎಲ್ಲವೂ ಆ ಲೆಕ್ಕದ ಒಳಗೇ ಬರಬೇಕು. ಎಣ್ಣೆ ಒಂದು ದೊಡ್ಡ ಚಮಚ ಜಾರಿದರೂ ನೂರಕ್ಕೂ ಹೆಚ್ಚು ಕಿಲೋಕ್ಯಾಲೊರಿ ಜಾರಿದ ಹಾಗೆ.

ಅಂಗಡಿಯಲ್ಲಿ ‘ಮಲ್ಟಿಗ್ರೇನ್’ ಬ್ರೆಡ್ ಕೊಳ್ಳುವವರು ಪೊಟ್ಟಣದ ಹಿಂಬದಿ ನೋಡಿ. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲೇ ಬರೆಯಬೇಕೆಂಬ ನಿಯಮವಿದೆ. ಮೊದಲ ಹೆಸರು ಮೈದಾ ಆಗಿದ್ದರೆ ಮುಂಬದಿಯ ಚಿತ್ರದಲ್ಲಿ ಎಷ್ಟು ತೆನೆ ತೂಗಾಡಿದರೂ ಅದು ಮೈದಾ ಬ್ರೆಡ್ಡೇ.

ಹೊತ್ತಿನ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ವ್ಯಾಯಾಮಕ್ಕೆ ಎರಡು ಮೂರು ಗಂಟೆ ಮೊದಲು ಸರಿಯಾದ ಊಟವಾಗಿರಲಿ. ಬೆಳಗಿನ ಜಾವವೇ ಹೋಗುವವರಾದರೆ ಒಂದು ಬಾಳೆಹಣ್ಣು ಸಾಕು. ಮುದ್ದೆ ಉಂಡು ನೇರವಾಗಿ ಬಸ್ಕಿಗೆ ಇಳಿದರೆ ಹೊಟ್ಟೆಯೇ ಬುದ್ಧಿ ಹೇಳುತ್ತದೆ.

ಒಂದು ಮಾತನ್ನು ಮಾತ್ರ ಒತ್ತಿ ಹೇಳಬೇಕು. ನಿಮ್ಮಲ್ಲಿ ಯಾರಾದರೂ ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ವೈದ್ಯರನ್ನು ಕೇಳದೆ ಕಾರ್ಬೋಹೈಡ್ರೇಟ್ ಕಡಿತ ಮಾಡಬೇಡಿ. ಔಷಧಿ ಅಷ್ಟೇ ಇದ್ದು ಊಟ ತಗ್ಗಿದರೆ ರಕ್ತದ ಸಕ್ಕರೆ ಕುಸಿದು, ವ್ಯಾಯಾಮದ ನಡುವೆಯೇ ಬೆವರಿ ನಡುಗಿ ಬೀಳಬಹುದು. ಮೂತ್ರಪಿಂಡದ ತೊಂದರೆ ಇರುವವರು ಪ್ರೋಟೀನ್ ಹೆಚ್ಚಿಸುವ ಮೊದಲೂ ಹೀಗೆಯೇ ಕೇಳಬೇಕು. ಅಂಥವರು ತಮ್ಮ ಮಾತ್ರೆ ಚೀಟಿ ತಂದಿದ್ದರೆ ಈಗಲೇ ತೋರಿಸಬಹುದು. ಉಳಿದವರ ಪ್ರಶ್ನೆಗಳನ್ನು ಆಮೇಲೆ ತೆಗೆದುಕೊಳ್ಳುತ್ತೇನೆ.