ಕೆರೆ ಬದಿಗೆ ಗಾಡಿ ನಿಲ್ಲಿಸುವ ಮುನ್ನ

ಕೇಳುಗರಿಗೆ ನಮಸ್ಕಾರ.

ಮಲಗಲು ಮಂಚ, ಒಲೆ, ನೀರಿನ ಟ್ಯಾಂಕು ಎಲ್ಲವನ್ನೂ ಒಳಗೇ ಇಟ್ಟುಕೊಂಡ ಕ್ಯಾಂಪರ್ ವ್ಯಾನುಗಳು ನಮ್ಮ ತುಮಕೂರು ಸೀಮೆಯ ಕೆರೆಗಳ ಬಳಿಯೂ ಕಣ್ಣಿಗೆ ಬೀಳತೊಡಗಿವೆ. ಬರಲಿ, ಸಂತೋಷ. ಆದರೆ ಹೊರದೇಶದ ವಿಡಿಯೊ ನೋಡಿ ಹೊರಟವರು ಒಂದನ್ನು ತಿಳಿದಿರಬೇಕು. ಅಲ್ಲಿ ಸರೋವರದ ದಡದ ತಂಗುದಾಣದಲ್ಲಿ ಕರೆಂಟಿನ ಪ್ಲಗ್ಗು, ನೀರಿನ ನಲ್ಲಿ, ಶೌಚದ ಡಬ್ಬ ಖಾಲಿ ಮಾಡುವ ಜಾಗ ಸಾಮಾನ್ಯವಾಗಿ ಇರುತ್ತವೆ. ಇಲ್ಲಿನ ಕೆರೆ ಊರವರ ದುಡಿಮೆಯ ಜಾಗ. ದನ ನೀರು ಕುಡಿಯುವ ಕಡೆ ಬೇರೆ, ಬಟ್ಟೆ ಒಗೆಯುವ ಕಲ್ಲು ಬೇರೆ, ಬಲೆ ಬಿಡುವ ಹೊತ್ತು ಬೇರೆ. ನೋಡುವವರಿಗೆ ಖಾಲಿ ಕಾಣುವ ದಡಕ್ಕೂ ಯಾರದೋ ಬಳಕೆ ಇದ್ದೇ ಇರುತ್ತದೆ.

ಹಾಗಾಗಿ ಗಾಡಿ ಎಲ್ಲಿ ನಿಲ್ಲಿಸಬೇಕು ಎನ್ನುವುದೇ ಮೊದಲ ಮಾತು. ಏರಿಯ ಮೇಲಂತೂ ಬೇಡ. ಅದು ಮಣ್ಣಿನ ಕಟ್ಟೆ, ಊರಿನ ದಾರಿಯೂ ಹೌದು. ಕೆರೆಯಂಗಳ ಬೇಸಿಗೆಯಲ್ಲಿ ಬಿರುಕು ಬಿಟ್ಟು ಗಟ್ಟಿ ಕಂಡರೂ ನಂಬಬೇಡಿ. ಮೇಲಿನ ಹೆಕ್ಕಳೆಯ ಕೆಳಗೆ ಗೋಡು ಹಸಿಯಾಗಿಯೇ ಇರುತ್ತದೆ, ಚಕ್ರ ಹೂತರೆ ಟ್ರ್ಯಾಕ್ಟರ್ ಹುಡುಕಬೇಕು. ಕೋಡಿಯ ಕೆಳಗಂತೂ ಕೂಡದೇ ಕೂಡದು.

ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯವನ್ನೇ ನೋಡಿ. ಮೈಸೂರು ಅರಸರ ಕಾಲದಲ್ಲಿ ಶಿಂಷಾ ನದಿಗೆ ಕಟ್ಟಿದ್ದು. ನೀರು ಮಟ್ಟ ಮೀರಿದರೆ ಅಲ್ಲಿ ಯಾರೂ ಗೇಟು ಎತ್ತಬೇಕಿಲ್ಲ, ಸೈಫನ್ ಅನ್ನುವ ಬಾಗಿದ ಕೊಳವೆಗಳ ಮೂಲಕ ತಾನಾಗಿಯೇ ಹೊರನುಗ್ಗುತ್ತದೆ. ನೀವಿದ್ದ ಕಡೆ ಹನಿ ಬೀಳದಿದ್ದರೂ ಮೇಲೆಲ್ಲೋ ಸುರಿದ ಮಳೆ ಸಾಕು. ಎಂಜಿನಿಯರುಗಳಿಗೆ ಹೆಮ್ಮೆಯ ಏರ್ಪಾಡು ಅದು. ಕೆಳಗೆ ಹೊಳೆಯ ಬಂಡೆ ಮೇಲೆ ಬುತ್ತಿ ಬಿಚ್ಚಿದವರಿಗೆ ಮಾತ್ರ ಅಪಾಯ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ನಮ್ಮ ಕಡೆ ಮಳೆ ಜೋರು, ಆಗ ದೂರದ ಎತ್ತರದಲ್ಲೇ ಇರಿ.

ಊರಲ್ಲಿ ಒಂದು ಮಾತು ಕೇಳಿ ನಿಲ್ಲಿಸಿದರೆ ಅರ್ಧ ತೊಂದರೆ ತಪ್ಪುತ್ತದೆ. "ಯಜಮಾನ್ರೇ, ರಾತ್ರಿ ಇಲ್ಲಿ ಗಾಡಿ ಹಾಕ್ಕೋಬಹುದಾ?" ಅಂದರೆ, "ಹಾಕ್ಕಳಿ ಸ್ವಾಮಿ, ಮೇಕೆ ಇಳಿಯೋ ದಾರಿ ಒಂದು ಬಿಡಿ" ಅನ್ನುತ್ತಾರೆ. ಚಿರತೆ, ಕರಡಿಯ ಓಡಾಟವಿದ್ದರೆ ಅದನ್ನೂ ಅವರೇ ಹೇಳುತ್ತಾರೆ.

ಇನ್ನು ಗಾಡಿಯೊಳಗಿನ ಮಾತು. 12 ವೋಲ್ಟಿನ, 100 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಸುಮಾರು 1200 ವ್ಯಾಟ್-ಅವರ್ ಇರುತ್ತದೆ. 30 ವ್ಯಾಟಿನ ಫ್ಯಾನು 10 ಗಂಟೆ ತಿರುಗಿದರೆ ಅದರ ಕಾಲು ಭಾಗ ಮುಗಿಯಿತು. ಎ.ಸಿ. ಆಸೆ ಬಿಟ್ಟು ಕಿಟಕಿಗೆ ಸೊಳ್ಳೆ ಜಾಲರಿ ಹಾಕಿಸಿ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಕೂರುತ್ತದೆ. ಆದ್ದರಿಂದ ಗಾಳಿಕಂಡಿ ತಳದಲ್ಲೂ ಇರಲಿ. ಟೆಂಪೋ ಟ್ರಾವೆಲರನ್ನು ನಾವೇ ಮನೆ ಮಾಡಿಕೊಳ್ಳುತ್ತೇವೆ ಅನ್ನುವವರು ಮೊದಲು ಆರ್‌ಟಿಒ ಕಚೇರಿಗೆ ಹೋಗಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಗಾಡಿಯ ಮೂಲ ರೂಪ ಮನಬಂದಂತೆ ಬದಲಿಸುವಂತಿಲ್ಲ.

ಪಾತ್ರೆ ತೊಳೆದ ಸೋಪಿನ ನೀರು, ಶೌಚದ ಡಬ್ಬ ಎರಡನ್ನೂ ಹೊತ್ತುಕೊಂಡೇ ಹೋಗಬೇಕು. ಇದರಲ್ಲಿ ರಿಯಾಯಿತಿ ಇಲ್ಲ.

ಶಿರಾ ತಾಲ್ಲೂಕಿನ ಕಗ್ಗಲಡುವಿಗೆ ಹೋದರೆ ಇನ್ನೂ ಹುಷಾರು. ಬಣ್ಣದ ಕೊಕ್ಕರೆಗಳು ಅಲ್ಲಿ ಊರೊಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ, ಊರವರೇ ಕಾಯುತ್ತಾರೆ. ಮರದಡಿ ಸ್ಪೀಕರ್ ಹಚ್ಚಿ ಕೂರುವವರಿಗೆ ಅಲ್ಲಿ ಕೆಲಸವಿಲ್ಲ.

ಗಾಳ ಹಾಕುವ ಮುಂಚೆಯೂ ಕೇಳಿ. ಎಷ್ಟೋ ಕೆರೆಗಳಲ್ಲಿ ಮೀನು ಗುತ್ತಿಗೆಗೆ ಹೋಗಿರುತ್ತದೆ. ಅದರ ಬದಲು ಬೆಳಗ್ಗೆ ಬಲೆ ಎಳೆಯುವ ಹೊತ್ತಿಗೆ ಏಳಿ. ಕಾಟ್ಲಾ, ರೋಹು, ಜಿಲೇಬಿ, ಬಿದ್ದದ್ದನ್ನು ಅಲ್ಲೇ ತೂಗಿ ಕೊಡುತ್ತಾರೆ. ಚಿಲ್ಲರೆ ಜೇಬಿನಲ್ಲಿರಲಿ, ಕೆರೆ ಹಿಂದೆ ಫೋನಿಗೆ ಸಿಗ್ನಲ್ ಸಿಗುತ್ತದೆಂಬ ಭರವಸೆ ಬೇಡ.

ನಮಸ್ಕಾರ.